ಆಯ್ಕೆ ವಿದ್ಯಾರ್ಥಿಯದು, ಹೊಣೆ ಯಾರದು?

ಕಲಿಯುವವನೇ ತನ್ನ ಕಲಿಕೆಯ ದಾರಿಯನ್ನು ಆರಿಸಿಕೊಳ್ಳಬೇಕೆಂಬ ಮಾತು ಕೇಳಲು ಹಿತವಾದುದು. ಕೇರಳದಲ್ಲಿ 2024ರ ಜುಲೈ 1ರಂದು ಆರಂಭವಾದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯ ಆಶಯವೂ ಇದೇ ಆಗಿದೆ. ಮುಖ್ಯ ವಿಷಯದೊಡನೆ ಬೇರೆ ವಿಭಾಗಗಳ ಪಾಠಗಳನ್ನೂ ವಿದ್ಯಾರ್ಥಿ ಆರಿಸಬಹುದು. ಮೂರು ವರ್ಷಗಳಲ್ಲಿ 133 ಕ್ರೆಡಿಟ್ ಗಳಿಸಿ ಪದವಿ ಪಡೆಯಬಹುದು, ಇಲ್ಲವೆ ನಾಲ್ಕನೆಯ ವರ್ಷವೂ ಓದಿ 177 ಕ್ರೆಡಿಟ್ ಪೂರೈಸಿ ಆನರ್ಸ್ ಪಡೆಯಬಹುದು. ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ನಮ್ಮ ಕಾಸರಗೋಡಿನ ಕಾಲೇಜುಗಳಿಗೂ ಈ ಕ್ರಮವೇ ಅನ್ವಯಿಸುತ್ತದೆ.

ಆದರೆ ಉದಾರವಾದ ನಿಯಮವು ವಿಭಾಗದ ಹೊಸ್ತಿಲು ದಾಟಿದೊಡನೆ ಎದುರಾಗುವುದು ವೇಳಾಪಟ್ಟಿ. ಇತಿಹಾಸದ ವಿದ್ಯಾರ್ಥಿ ಕನ್ನಡವನ್ನೂ ಬಯಸಿದಾಗ ಎರಡು ತರಗತಿಗಳು ಒಂದೇ ವೇಳೆಗೆ ಬಿದ್ದರೆ, ಆಯ್ಕೆಯು ಕಾಗದದ ಮೇಲೆಯೇ ಉಳಿಯುತ್ತದೆ.

ಇದಕ್ಕಿಂತ ಕಠಿಣವಾದುದು ಹುದ್ದೆಯ ಲೆಕ್ಕ. ವಾರಕ್ಕೆ 16 ಗಂಟೆಗಳ ಬೋಧನೆಗೆ ಒಬ್ಬ ಅಧ್ಯಾಪಕರೆಂಬುದು ಮಾನದಂಡ. ವಿದ್ಯಾರ್ಥಿಗಳು ಬೇರೆಡೆಗೆ ಸರಿದರೆ ಗಂಟೆಗಳು ಕುಗ್ಗುತ್ತವೆ. ಗಂಟೆಗಳು ಕುಗ್ಗಿದರೆ ಹುದ್ದೆಗೆ ಸಂಚಕಾರ. ಹೀಗಾಗಿ ಮಾರ್ಗದರ್ಶನ ಮಾಡಬೇಕಾದ ವಿಭಾಗವೇ ವಿದ್ಯಾರ್ಥಿಯನ್ನು ಹಿಡಿದಿಟ್ಟುಕೊಳ್ಳುವ ಯೋಚನೆಗೆ ಬೀಳುತ್ತದೆ. ಇದನ್ನು ಅಧ್ಯಾಪಕರ ಸ್ವಾರ್ಥವೆಂದು ಹಳಿಯುವುದು ಸುಲಭ. ಆ ಭಯವನ್ನು ಹುಟ್ಟಿಸಿದ ಲೆಕ್ಕವನ್ನು ತಿದ್ದುವುದು ಅಷ್ಟು ಸುಲಭವಲ್ಲ.

ದೊಡ್ಡ ವಿಭಾಗವು ಈ ಏರಿಳಿತವನ್ನು ತಾಳಿಕೊಂಡೀತು. ಕಾಸರಗೋಡು ಸರಕಾರಿ ಕಾಲೇಜಿನಂತಹ ಕೆಲವೇ ಕಡೆಗಳಲ್ಲಿರುವ ಕನ್ನಡ ವಿಭಾಗಗಳ ಮಾತು ಬೇರೆ. ಇಲ್ಲಿ ಒಂದು ಹುದ್ದೆ ತಪ್ಪಿದರೆ ಮುಂದೆ ಬರುವ ಮಕ್ಕಳಿಗೆ ಕನ್ನಡವನ್ನು ಆರಿಸುವ ಅವಕಾಶವೇ ಇಲ್ಲವಾಗಬಹುದು. ಈ ವರ್ಷದವರ ಸ್ವಾತಂತ್ರ್ಯವು ಮುಂದಿನವರ ಸ್ವಾತಂತ್ರ್ಯವನ್ನು ಕಸಿದುಕೊಳ್ಳುವಂತಾಗಬಾರದು.

ಆತುರವೂ ಸಲ್ಲದು. ದೆಹಲಿ ವಿಶ್ವವಿದ್ಯಾನಿಲಯವು 2013ರಲ್ಲಿ ತಂದ ನಾಲ್ಕು ವರ್ಷಗಳ ಕ್ರಮವನ್ನು 2014ರಲ್ಲಿಯೇ ಕೈಬಿಟ್ಟಿತು. ಕರ್ನಾಟಕವು 2021ರಲ್ಲಿ ಆರಂಭಿಸಿದುದನ್ನು 2024ರಲ್ಲಿ ಹಿಂತೆಗೆದುಕೊಂಡಿತು. ನಡುವೆ ಸಿಲುಕಿದವರು ವಿದ್ಯಾರ್ಥಿಗಳೇ.

ಆದುದರಿಂದ ಅಲ್ಪಸಂಖ್ಯಾತ ಭಾಷಾವಿಭಾಗಗಳ ಹುದ್ದೆಗಳನ್ನು ವರ್ಷವರ್ಷದ ತಲೆಯೆಣಿಕೆಗೆ ಕಟ್ಟದೆ ಕೆಲವು ವರ್ಷ ಸ್ಥಿರವಾಗಿಡಬೇಕು. ವಿಭಾಗಗಳು ಕೂಡಿ ಕುಳಿತು ವೇಳಾಪಟ್ಟಿಯನ್ನು ರಚಿಸಬೇಕು. ಕನ್ನಡ ಮಾಧ್ಯಮದಿಂದ ಬಂದ ಹುಡುಗ ಹುಡುಗಿಯರಿಗೆ ಆಯ್ಕೆಯ ಫಲಾಫಲಗಳನ್ನು ಅವರ ನುಡಿಯಲ್ಲಿಯೇ ತಿಳಿಯಹೇಳಬೇಕು. ಮಕ್ಕಳನ್ನು ಕಾಲೇಜಿಗೆ ಸೇರಿಸುವ ತಂದೆತಾಯಂದಿರು ಸೀಟು ಸಿಕ್ಕಿತೆಂದು ಸಮಾಧಾನಪಡದೆ, ಈ ಮೂರು ಏರ್ಪಾಡುಗಳು ಅಲ್ಲಿ ಇವೆಯೇ ಎಂದು ವಿಚಾರಿಸುವುದು ಒಳಿತು. ಕೇಳುವವರಿದ್ದರೆ ಉತ್ತರಿಸಬೇಕಾದವರೂ ಎಚ್ಚರಗೊಳ್ಳುತ್ತಾರೆ.