ಮೈಮೇಲಿನ ಗಂಟು, ಮಾಲೀಕರ ಗಂಟು

“ದುಡಿಯುವವನಿಗೆ ಬೆನ್ನುನೋವು ಇದ್ದದ್ದೇ” ಎನ್ನುತ್ತಾರೆ ಗಿರಣಿಯ ಮೇಸ್ತ್ರಿಗಳು. ಮೂಟೆ ಹೊತ್ತು, ದಿನವಿಡೀ ಗಲ್ಲೆಯ ಮುಂದೆ ಕೂತು ಬಂದ ನೋವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ, ನಿಜ. ಆದರೆ ಎಲ್ಲ ನೋವೂ ಮೂಟೆಯ ನೋವಲ್ಲ. ಈ ಮಾತನ್ನು ಮಾಲೀಕರು ಹೇಳರು, ನಾವು ಹೇಳುತ್ತೇವೆ.

ಕಾರಣ ತಿಳಿಯದ ಗಂಟು ಎರಡು ವಾರ ಕಳೆದರೂ ಕರಗದಿದ್ದರೆ, ಬೆಳೆಯುತ್ತಿದ್ದರೆ, ಗಟ್ಟಿಯಾಗಿ ಅಲುಗದೆ ಕೂತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ನೋವಿಲ್ಲವೆಂದು ಸುಮ್ಮನಿರಬಾರದು; ಉಜ್ಜಿಸುವುದು, ಬರೆ ಹಾಕಿಸುವುದು ಕೂಡದು. ಬೆನ್ನುನೋವು ಮಲಗಿದರೂ ಬಿಡದೆ ರಾತ್ರಿ ಹೆಚ್ಚಿ, ಸಂಜೆಯ ಜ್ವರ ಬಂದು, ಮೈ ಇಳಿಯುತ್ತಿದ್ದರೆ ತಡಮಾಡಬಾರದು. ಅದು ಬೆನ್ನೆಲುಬಿನ ಕ್ಷಯವಿರಬಹುದು. ಅದರ ಕೀವು ಬೆನ್ನಲ್ಲೋ ತೊಡೆಸಂದಿಯಲ್ಲೋ ಬಿಸಿಯಿಲ್ಲದ ಗಂಟಾಗಿ ಏಳುವುದುಂಟು. ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಕ್ಯಾನ್ಸರೇ ಆಗಿದ್ದರೂ ಬೇಗ ಕಂಡಷ್ಟು ಒಳ್ಳೆಯದು. ಕಾಲು ಸೋತರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ ಆ ಗಳಿಗೆಯೇ ಆಸ್ಪತ್ರೆ ಸೇರಬೇಕು.

ನಮ್ಮವರು ತಡಮಾಡುವುದು ಅಜ್ಞಾನದಿಂದಲ್ಲ, ಕೂಲಿ ಹೋದೀತೆಂಬ ಭಯದಿಂದ. ಇಎಸ್‌ಐ 1948ರ ಕಾಯ್ದೆಯಿಂದ ಬಂದ ಹಕ್ಕು, ಭಿಕ್ಷೆಯಲ್ಲ. ವಂತಿಗೆಯ ಷರತ್ತು ಪೂರೈಸಿದವರಿಗೆ ರೋಗದ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70 ಭಾಗ ಸಲ್ಲಬೇಕು. ಬದಲಿ ಕೆಲಸಗಾರರ ಹೆಸರನ್ನು ಪಟ್ಟಿಗೆ ಸೇರಿಸದೆ ಉಳಿಸಿದ ವಂತಿಗೆಯೇ ಮಾಲೀಕರ ಗಂಟು! ಅಂಗಡಿ ಮುಚ್ಚಿದರೆ ಅಂದಿನ ಗಳಿಕೆಯೇ ಇಲ್ಲದ ಸಣ್ಣ ವರ್ತಕರಿಗೆ ಈ ಆಸರೆಯೂ ಇಲ್ಲ.

ಪಟ್ಟಿಯಲ್ಲಿ ಎಲ್ಲರ ಹೆಸರಿರಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಸಂಜೆಯೂ ಡಾಕ್ಟರಿರಲಿ ಎಂದು ನಾವು ಒತ್ತಾಯಿಸುತ್ತೇವೆ. ಆದರೆ ಬಂಧುಗಳೇ, ಅದು ಈಡೇರುವ ತನಕ ಗಂಟು ಕಾಯುವುದಿಲ್ಲ. ಇಂದೇ ತೋರಿಸಿ.