ಎಣ್ಣೆ ಸುರಿಯುವುದು ದುರಸ್ತಿಯಲ್ಲ

ಮಳೆಗಾಲದ ಮೊದಲ ವಾರದಲ್ಲಿ ಘಟ್ಟದ ಮೇಲಿನ ಯಾವುದೇ ಪೇಟೆಯ ಟ್ಯಾಕ್ಸಿ ನಿಲ್ದಾಣವನ್ನು ಗಮನಿಸಿದರೂ, ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುಪರೆಯೊಂದು ಹರಡಿರುವುದು ಕಾಣುತ್ತದೆ. ಆ ಪರೆ ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೋ ಶರಾವತಿಗೋ ಅಘನಾಶಿನಿಗೋ ಇಳಿಯುತ್ತದೆ. ಅದರಲ್ಲಿ ಎಂಜಿನ್ನಿನ ಪಾಲಿದೆ, ಗೇರ್ ಪೆಟ್ಟಿಗೆಯ ಪಾಲಿದೆ. ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಪಾಲು ಪವರ್ ಸ್ಟಿಯರಿಂಗಿನ ಪಂಪಿನದು. ಅಣೆಕಟ್ಟು, ಗಣಿಗಳ ಚರ್ಚೆಗೆ ಮೀಸಲಾದ ಪುಟದಲ್ಲಿ ಈ ಪುಟ್ಟ ಪಂಪಿಗೇನು ಕೆಲಸವೆಂದು ಕೆಲವರಿಗೆ ಅನಿಸಬಹುದು. ನದಿ ಉಳಿಸುವ ಸಭೆಗೆ ಬಂದು ನಿಂತ ವಾಹನಗಳ ಅಡಿಯಲ್ಲೂ ಕೆಂಪು ಹನಿಗಳು ಬೀಳುತ್ತಿರುತ್ತವೆ ಎಂಬುದೇ ಅದಕ್ಕೆ ಉತ್ತರ.

ಇಂದಿನ ಹೊಸ ಕಾರುಗಳಲ್ಲಿ ಸ್ಟಿಯರಿಂಗಿಗೆ ನೆರವಾಗುವುದು ವಿದ್ಯುತ್ ಮೋಟಾರು. ಅಲ್ಲಿ ಎಣ್ಣೆಯ ಮಾತಿಲ್ಲ. ಆದರೆ ಮಲೆನಾಡಿನ ಒಳದಾರಿಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಸುಮೋ, ಕ್ವಾಲಿಸ್, ಬೊಲೆರೊಗಳ ಕಾಲವೇ ಬೇರೆ. ಪವರ್ ಸ್ಟಿಯರಿಂಗ್ ಇರುವ ಇಂತಹ ಗಾಡಿಗಳಲ್ಲಿ ಎಂಜಿನ್ನಿನ ಬೆಲ್ಟು ಪಂಪಿನ ಪುಲ್ಲಿಯನ್ನು ತಿರುಗಿಸುತ್ತದೆ. ಒಳಗೆ ಅಂಡಾಕಾರದ ಉಂಗುರದ ನಡುವೆ ರೋಟರ್ ಸುತ್ತುತ್ತದೆ. ಅದರ ಸೀಳುಗಳಲ್ಲಿ ಕುಳಿತ ತೆಳು ಲೋಹದ ಪಟ್ಟಿಗಳು ಹೊರಚಾಚಿ ಎಣ್ಣೆಯನ್ನು ಮುಂದಕ್ಕೆ ತಳ್ಳುತ್ತವೆ. ಅಮೆರಿಕದ ಹ್ಯಾರಿ ವಿಕರ್ಸ್ 1920ರ ದಶಕದಲ್ಲಿ ರೂಪಿಸಿದ ಪಂಪಿನ ತತ್ತ್ವವೇ ಇದು. 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನೊಡನೆ ಹೈಡ್ರಾಲಿಕ್ ಸ್ಟಿಯರಿಂಗ್ ಮಾರುಕಟ್ಟೆಗೆ ಬಂದಿತು. ಘಟ್ಟದ ತಿರುವಿನಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಎಣ್ಣೆಯ ಒತ್ತಡವು ಟಯರಿನೊಳಗಿನ ಗಾಳಿಯ ಒತ್ತಡದ ಮೂವತ್ತು ಪಟ್ಟನ್ನೂ ಮೀರಬಲ್ಲುದು.

ಇಷ್ಟು ಒತ್ತಡವನ್ನು ತಾಳುವ ಪಂಪಿನಲ್ಲಿ ಲೋಹಕ್ಕಿಂತ ಮೊದಲು ದಣಿಯುವುದು ರಬ್ಬರು. ಪುಲ್ಲಿಯ ಹಿಂಬದಿಯಲ್ಲಿ, ಶಾಫ್ಟು ಹೊರಬರುವ ಜಾಗದಲ್ಲಿ, ಒಂದು ಆಯಿಲ್ ಸೀಲ್ ಇರುತ್ತದೆ. ವರ್ಷಗಟ್ಟಲೆ ಎಂಜಿನ್ನಿನ ಕಾವು ತಿಂದು ಅದರ ತುಟಿ ಗಡುಸಾಗುತ್ತದೆ, ಬಿರಿಯುತ್ತದೆ, ಎಣ್ಣೆ ಜಿನುಗತೊಡಗುತ್ತದೆ. ಆಗ ನಮ್ಮ ಊರುಗಳಲ್ಲಿ ನಡೆಯುವುದೇನು? ಸೀಟಿನ ಕೆಳಗೊಂದು ಎಣ್ಣೆಯ ಡಬ್ಬಿ ಬಂದು ಕೂರುತ್ತದೆ. ಕಡಿಮೆಯಾದಾಗಲೆಲ್ಲ ಸುರಿಯುವುದು, ಮತ್ತೆ ಹೊರಡುವುದು. ಇದಕ್ಕೆ ನಿರ್ವಹಣೆ ಎಂಬ ಹೆಸರು ಬೇರೆ.

ಲೆಕ್ಕ ಹಾಕೋಣ. ಎಂಜಿನ್ ಓಡುತ್ತಿರುವಾಗ ಹತ್ತು ಸೆಕೆಂಡಿಗೊಂದು ಹನಿ ಬೀಳುವ ಗಾಡಿ ದಿನಕ್ಕೆ ಎರಡು ತಾಸು ಓಡಿದರೆ 720 ಹನಿ. ಸ್ಥೂಲವಾಗಿ 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ 36 ಮಿಲಿಲೀಟರ್, ತಿಂಗಳಿಗೆ ಒಂದು ಲೀಟರಿಗೂ ಮಿಗಿಲು. ಸುರಿದ ಎಣ್ಣೆಯೆಲ್ಲ ಎಲ್ಲಿಗೆ ಹೋಯಿತೆಂದು ಕೇಳುವವರಿಲ್ಲ. ಸೊಳ್ಳೆಯ ಮರಿಗಳನ್ನು ಕೊಲ್ಲಲು ನಿಂತ ನೀರಿಗೆ ಸೀಮೆಎಣ್ಣೆ ಹಾಕುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಎಣ್ಣೆಯ ಪರೆ ಆ ಮರಿಗಳ ಉಸಿರಾಟವನ್ನೇ ತಡೆಯುತ್ತದೆ. ನೀರಿನ ಮೇಲ್ಮೈಗೆ ಬಂದು ಉಸಿರಾಡುವ ಬೇರೆ ಕೀಟಗಳನ್ನು ಈ ಪರೆ ಬಿಟ್ಟುಬಿಡುವುದಿಲ್ಲ. ನದಿಗೆ ಒಂದು ಹನಿ ಏನೂ ಅಲ್ಲದಿರಬಹುದು, ತೋಟದ ಬಸಿಗಾಲುವೆಗೆ ಅದು ಬಹಳ.

ಚಾಲಕನ ಪ್ರಾಣದ ಪ್ರಶ್ನೆಯೂ ಇದೆ. ಎಣ್ಣೆ ಬರಿದಾದರೆ ಸ್ಟಿಯರಿಂಗ್ ಕಡಿದಾದ ತಿರುವಿನ ನಡುವೆಯೇ ಏಕಾಏಕಿ ಕಲ್ಲಿನಂತೆ ಭಾರವಾಗುತ್ತದೆ. ಹೊರಚಿಮ್ಮಿದ ಎಣ್ಣೆ ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳಲೂಬಹುದು.

ಹಾಗಾದರೆ ಪಂಪನ್ನೇ ಬದಲಿಸಬೇಕೆ? ಬಹಳಷ್ಟು ಸಲ ಬೇಕಿಲ್ಲ. ಮೊದಲು ಸೋರಿಕೆಯ ಮೂಲವನ್ನು ಹುಡುಕಬೇಕು, ಏಕೆಂದರೆ ಎಣ್ಣೆ ಬೀಳುವ ಜಾಗವೇ ಸೋರುವ ಜಾಗವಾಗಿರಬೇಕೆಂದಿಲ್ಲ. ಪಂಪನ್ನೂ ಹೋಸ್ ಪೈಪುಗಳನ್ನೂ ಒರೆಸಿ ಪೂರ್ತಿ ಒಣಗಿಸಿ, ಮೇಲೆ ತೆಳುವಾಗಿ ಟಾಲ್ಕಂ ಪೌಡರ್ ಉದುರಿಸಿ, ಎಂಜಿನ್ ಚಾಲೂ ಮಾಡಿ ಒಬ್ಬರು ಸ್ಟಿಯರಿಂಗ್ ತಿರುಗಿಸುತ್ತಿರಲಿ. ಎಂಜಿನ್ ನಿಲ್ಲಿಸಿದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಪೌಡರ್ ಒದ್ದೆಯಾದ ಜಾಗ ಸ್ಪಷ್ಟವಾಗಿ ಕಾಣುತ್ತದೆ. ಒತ್ತಡದ ಪೈಪನ್ನು ಎಂಜಿನ್ ಓಡುತ್ತಿರುವಾಗ ಬೆರಳಿನಿಂದ ಸವರಿ ನೋಡುವ ರೂಢಿಯನ್ನು ಕೂಡಲೇ ಬಿಡಬೇಕು. ಸೂಜಿಯಷ್ಟು ತೆಳುವಾಗಿ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಹೊಗುತ್ತದೆ, ಕೈ ಕಳೆದುಕೊಳ್ಳುವವರೆಗೂ ಅದು ಹೋಗಬಹುದು. ಹನಿ ಕಪ್ಪಾಗಿದ್ದರೆ ಅದು ಮೇಲಿನಿಂದ ಇಳಿದ ಎಂಜಿನ್ ಎಣ್ಣೆಯಾಗಿರುವ ಸಂಭವವುಂಟು. ಎಣ್ಣೆ ಹಿಂದಿರುಗುವ ಪೈಪಿನ ಕ್ಲಿಪ್ಪು ಸಡಿಲವಾಗಿದ್ದರೆ ಕೆಲಸ ಒಂದು ಸ್ಕ್ರೂಡ್ರೈವರಿಗೆ ಮುಗಿಯುತ್ತದೆ. ಇಷ್ಟಕ್ಕೇ ಪಂಪು ಹೋಯಿತೆಂದು ತೀರ್ಪು ಕೊಡುವ ಗ್ಯಾರೇಜುಗಳೂ ಇವೆ.

ಪುಲ್ಲಿಯ ಹಿಂದೆಯೇ ಒದ್ದೆಯಿದ್ದರೆ ಶಾಫ್ಟಿನ ಸೀಲ್ ಹೋಗಿದೆ ಎಂದರ್ಥ. ಬೆಲ್ಟ್ ಬಿಚ್ಚಿ ಪುಲ್ಲಿಯನ್ನು ಅಲುಗಿಸಿ ನೋಡಬೇಕು. ಅದು ಅಡ್ಡಡ್ಡ ಅಲ್ಲಾಡಿದರೆ ಬೇರಿಂಗ್ ಸವೆದಿದೆ. ಅದನ್ನು ಹಾಗೇ ಬಿಟ್ಟು ಸೀಲ್ ಮಾತ್ರ ಹಾಕಿದರೆ ಹೊಸ ಸೀಲ್ ಕೂಡ ಬೇಗನೆ ಸೋರುತ್ತದೆ. ಬೆಲ್ಟನ್ನು ಅತಿಯಾಗಿ ಬಿಗಿಯುವುದೂ ಬೇರಿಂಗನ್ನು ಕೊಲ್ಲುವ ಒಂದು ದಾರಿ. ಅಲ್ಲಾಟವಿಲ್ಲದಿದ್ದರೆ ಪಂಪನ್ನು ಇಳಿಸಿ, ಪುಲ್ಲರ್ ಹಾಕಿ ಪುಲ್ಲಿ ತೆಗೆದು, ಶಾಫ್ಟಿಗೆ ಗೀರು ಬೀಳದಂತೆ ಹಳೆಯ ಸೀಲನ್ನು ಎಬ್ಬಿಸಬೇಕು. ಹೊಸದರ ತುಟಿ ಎಣ್ಣೆಯ ಕಡೆಗೆ, ಅಂದರೆ ಒಳಮುಖವಾಗಿ ಇರಬೇಕು. ತುಟಿಗೆ ಎಣ್ಣೆ ಸವರಿ, ಸಮನಾಗಿ ಒತ್ತಿ ಕೂರಿಸಬೇಕು. ಶಾಫ್ಟಿನ ಮೇಲೆ ಹಳೆಯ ಸೀಲ್ ಕೊರೆದ ಗೆರೆ ಉಗುರಿಗೆ ಸಿಗುವಷ್ಟು ಆಳವಾಗಿದ್ದರೆ ಮಾತ್ರ ಬೇರೆ ಪಂಪಿನ ಯೋಚನೆ. ಒಮ್ಮೆ ಬಿಚ್ಚಿದ ಮೇಲೆ ಓ ರಿಂಗುಗಳನ್ನೂ ಬದಲಿಸಿಬಿಡುವುದೇ ಜಾಣತನ.

ತುಂಬುವಾಗ ಗಾಡಿಯ ಕೈಪಿಡಿ ಹೇಳಿದ ಎಣ್ಣೆಯನ್ನೇ ತುಂಬಬೇಕು. ಅವಸರದಲ್ಲಿ ಬ್ರೇಕ್ ಎಣ್ಣೆ ಸುರಿದರೆ ಆ ದ್ರವವು ಪಂಪಿನ ರಬ್ಬರನ್ನೆಲ್ಲ ಉಬ್ಬಿಸಿ ಕೆಡಿಸುತ್ತದೆ. ಬಳಿಕ ಮುಂದಿನ ಚಕ್ರಗಳನ್ನು ಜ್ಯಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಚಾಲೂ ಮಾಡದೆಯೇ ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹಲವು ಸಲ ತಿರುಗಿಸುತ್ತ, ಗುಳ್ಳೆಗಳು ನಿಲ್ಲುವವರೆಗೆ ಎಣ್ಣೆ ಸೇರಿಸುತ್ತಿರಬೇಕು. ಗಾಳಿ ಉಳಿದರೆ ಪಂಪು ಗುಂಯ್ಗುಡುತ್ತದೆ, ಎಣ್ಣೆ ನೊರೆಯಾಗುತ್ತದೆ. ಸೋರಿಕೆ ನಿಲ್ಲಿಸುವುದೆಂದು ಮಾರುವ ದ್ರಾವಣಗಳು ರಬ್ಬರನ್ನು ಉಬ್ಬಿಸಿ ಕೆಲಕಾಲ ನೆಮ್ಮದಿ ಕೊಡುತ್ತವೆ. ಬಿರಿದ ಸೀಲನ್ನು ಅವು ಕೂಡಿಸಲಾರವು.

ಈ ಕೆಲಸ ನಮ್ಮ ತಾಲ್ಲೂಕು ಕೇಂದ್ರಗಳ ಅನುಭವಿ ಮೆಕ್ಯಾನಿಕ್‌ಗಳ ಕೈಗೆ ಮೀರಿದ್ದೇನಲ್ಲ. ಅಡ್ಡಿಯಿರುವುದು ಬಿಡಿಭಾಗದಲ್ಲಿ: ಸೀಲ್ ಬೇಕೆಂದರೆ ಪೂರ್ತಿ ಪಂಪನ್ನೇ ಮುಂದಿಡುವ ವ್ಯಾಪಾರ ಬೆಳೆಯುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿಯೊಂದನ್ನು ರಚಿಸಿತು. ಕೃಷಿ ಯಂತ್ರಗಳ ಜೊತೆಗೆ ಮೋಟಾರು ವಾಹನಗಳೂ ಅದರ ವ್ಯಾಪ್ತಿಯಲ್ಲಿದ್ದವು. ಆದರೆ ಹಕ್ಕಿನ ಮಾತು ಅಂಗಡಿಯ ಕಪಾಟಿನಲ್ಲಿ ಸೀಲ್ ಕಿಟ್ಟಾಗಿ ಕಾಣಿಸಿಕೊಳ್ಳಬೇಕು. ಅಲ್ಲಿಯವರೆಗೆ ಹಳೆಯ ಸೀಲಿನ ಮೇಲೆ ಅಚ್ಚೊತ್ತಿದ ಅಳತೆಯನ್ನು, ಎಂದರೆ ಒಳವ್ಯಾಸ, ಹೊರವ್ಯಾಸ, ದಪ್ಪಗಳನ್ನು ಬರೆದುಕೊಂಡು ಶಿವಮೊಗ್ಗ, ಹುಬ್ಬಳ್ಳಿಯಂತಹ ನಗರಗಳ ಬೇರಿಂಗ್ ಅಂಗಡಿಗಳಲ್ಲಿ ವಿಚಾರಿಸಬಹುದು. ಒತ್ತಡಕ್ಕೂ ಕಾವಿಗೂ ತಕ್ಕ ಸೀಲನ್ನೇ ಕೇಳಿ ಪಡೆಯಬೇಕು.

ಕೊನೆಗೆ ಉಳಿಯುವುದು ಬಸಿದು ತೆಗೆದ ಹಳೆಯ ಎಣ್ಣೆ. ಗೆದ್ದಲು ಹತ್ತದಿರಲೆಂದು ಅದನ್ನು ಬೇಲಿಗೂಟಕ್ಕೆ ಬಳಿಯುವ ಪದ್ಧತಿ ನಮ್ಮಲ್ಲಿದೆ. ಮೊದಲ ಮಳೆಗೇ ಅದು ನೆಲಕ್ಕಿಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಎಣ್ಣೆ ಅಧಿಕೃತ ಮರುಸಂಸ್ಕರಣೆದಾರರಿಗೇ ಸೇರಬೇಕು. 2023ರ ತಿದ್ದುಪಡಿಯ ಮೂಲಕ, 2024ರ ಏಪ್ರಿಲ್ 1ರಿಂದ, ಅದರ ಹೊಣೆಯನ್ನು ಎಣ್ಣೆ ತಯಾರಿಸುವವರ ಮೇಲೂ ಹೊರಿಸಲಾಗಿದೆ. ಪ್ರತಿ ಗ್ಯಾರೇಜಿನಲ್ಲೂ ಮುಚ್ಚಳವಿರುವ ಡ್ರಮ್ಮೊಂದು ಇರುವಂತೆ, ಅದನ್ನು ಒಯ್ಯುವ ಅಧಿಕೃತ ಸಂಗ್ರಾಹಕರು ತಾಲ್ಲೂಕಿಗೆ ಬರುವಂತೆ ಪಟ್ಟಣ ಪಂಚಾಯಿತಿಗಳನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ಒತ್ತಾಯಿಸಬೇಕಾಗಿದೆ. ನೆಲಕ್ಕೆ ಚೆಲ್ಲಿದ್ದನ್ನು ನೀರು ಹೊಯ್ದು ತೊಳೆಯಬಾರದು, ಮರದ ಹುಡಿ ಹಾಕಿ ಗುಡಿಸಬೇಕು. ಆ ಹುಡಿಯನ್ನು ಬಚ್ಚಲ ಒಲೆಗೆ ತುರುಕುವುದೂ ಸಲ್ಲದು. ಡಬ್ಬಿಯಲ್ಲಿ ಮುಚ್ಚಿಟ್ಟು ಎಣ್ಣೆಯ ಡ್ರಮ್ಮಿನ ಜೊತೆಗೇ ಸಂಗ್ರಾಹಕರಿಗೆ ಒಪ್ಪಿಸಬೇಕು.