ಹೋರಿಹಬ್ಬವೂ ನೆತ್ತರುಗೊಡಗೆಯೂ

ಪ್ರತಿ ವರ್ಷವೂ ದೀಪಾವಳಿ ಕಳೆದ ಕೂಡಲೆ ನಮ್ಮ ಪತ್ರಿಕೆಗಳ ವಾಚಕರ ಅಂಕಣದಲ್ಲಿ ಒಂದು ಜಗಳ ಹುಟ್ಟಿಕೊಳ್ಳುತ್ತದೆ. ಶಿಕಾರಿಪುರದ ಕಡೆಯಿಂದಲೋ ಸೊರಬದ ಕಡೆಯಿಂದಲೋ, ಹೋರಿ ತಿವಿದು ಒಬ್ಬ ಸತ್ತನೆಂಬ ಸುದ್ದಿ ನಾಲ್ಕು ಸಾಲಿನಲ್ಲಿ ಬರುತ್ತದೆ. ಪಟ್ಟಣದ ಮಹನೀಯರೊಬ್ಬರು ಕಾಫಿ ಕುಡಿಯುತ್ತ ಅದನ್ನು ಓದಿ, ಈ ಅನಾಗರಿಕ ಆಟವನ್ನು ಒಡನೆಯೇ ನಿಷೇಧಿಸಬೇಕೆಂದು ಬರೆಯುತ್ತಾರೆ. ಮರುದಿನ ಇನ್ನೊಬ್ಬ ಮಹನೀಯರು, ಇದು ನಮ್ಮ ಪೂರ್ವಿಕರ ಪರಂಪರೆ, ಮುಟ್ಟಿದರೆ ಜೋಕೆ ಎಂದು ಉತ್ತರ ಕೊಡುತ್ತಾರೆ. ಮೂರನೆಯ ವಾರಕ್ಕೆ ಇಬ್ಬರೂ ಮರೆತಿರುತ್ತಾರೆ. ಮರೆಯಲಾರದವರು ಸತ್ತವನ ಮನೆಯವರು ಮಾತ್ರ. ಅವರು ಪತ್ರಿಕೆಗೆ ಬರೆಯುವ ಪೈಕಿಯವರಲ್ಲ. 2022ರ ದೀಪಾವಳಿಯ ನಂತರದ ದಿನಗಳಲ್ಲಿ ಈ ಎರಡು ತಾಲ್ಲೂಕುಗಳಲ್ಲಿಯೂ ಇಂಥ ಸಾವುಗಳಾದುವು. ಆಗಲೂ ಇದೇ ಜಗಳ ನಡೆಯಿತು, ಇದೇ ಮರೆವು ಕವಿಯಿತು.

ಈ ಇಬ್ಬರು ಮಹನೀಯರೂ ಅರ್ಧ ಸತ್ಯವನ್ನು ಹೇಳುತ್ತಿದ್ದಾರೆಂಬುದು ನನ್ನ ವಾದ. ಆ ಎರಡು ಅರ್ಧಗಳಲ್ಲಿ ಹೆಚ್ಚು ಅಪಾಯದ್ದು ಎರಡನೆಯದು. ಏಕೆಂದರೆ ಅದು ನಮ್ಮದೇ ಮಾತು, ಕೇಳುವುದಕ್ಕೆ ಇಂಪಾದ ಮಾತು.

ಹೋರಿ ಬೆದರಿಸುವ ಹಬ್ಬವನ್ನು ಕಾಣದ ಓದುಗರಿಗಾಗಿ ಎರಡು ಮಾತು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ, ಅವಕ್ಕೆ ತಾಗಿಕೊಂಡಿರುವ ಹಾವೇರಿ ಜಿಲ್ಲೆಯ ಸೀಮೆ, ಇವು ಈ ಹಬ್ಬದ ತವರು. ಬಲಿಪಾಡ್ಯಮಿಯಂದು ದನಗಳಿಗೆ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಪೂಜೆ ಮಾಡಿ, ಹೋರಿಯ ಕೊರಳಿಗೆ ಕೊಬ್ಬರಿ ಗಿಟುಕುಗಳ ಸರವನ್ನು ಕಟ್ಟುತ್ತಾರೆ. ಡೊಳ್ಳು, ಕೇಕೆ, ಸಿಳ್ಳುಗಳ ನಡುವೆ ಅದನ್ನು ಊರಬೀದಿಯಲ್ಲಿ ಬಿಡುತ್ತಾರೆ. ಎರಡೂ ಕಡೆ ಜನ. ನಡುವೆ ಹೋರಿಯ ದಾರಿ. ಮೇಲೆ ಬಿದ್ದು ಕೊಬ್ಬರಿ ಹರಿದವನು ಗೆದ್ದ. ಯಾರ ಕೈಗೂ ಸಿಕ್ಕದೆ ಹಾದುಹೋದರೆ ಹೋರಿ ಗೆದ್ದಿತು. ಆಟದ ಸೂತ್ರ ಇಷ್ಟೆ. ಇದಕ್ಕೆ ಬೇಕಾದುದು ಒಂದು ಬೀದಿ, ಊರವರೆಲ್ಲರೂ ಹೆಸರು ಹಿಡಿದು ಕರೆಯುವ ಒಂದು ಹೋರಿ, ವರ್ಷಕ್ಕೆ ಒಂದು ದಿನ.

ಇಂದು ಆ ಒಂದು ದಿನ ಹಿಗ್ಗಿ ತಿಂಗಳುಗಳಾಗಿದೆ. ದೀಪಾವಳಿಯಿಂದ ಮೊದಲಾಗಿ ಬೇಸಗೆ ಕಾಲಿಡುವವರೆಗೂ ಇಂದು ಈ ಊರಿನಲ್ಲಿ, ನಾಳೆ ಆ ಊರಿನಲ್ಲಿ. ದೂರದ ಊರುಗಳಿಂದ ಹೋರಿಗಳು ಲಾರಿಯಲ್ಲಿ ಬರುತ್ತವೆ. ಬಹುಮಾನವೆಂದರೆ ಮೋಟಾರು ಸೈಕಲ್ಲು, ಬಂಗಾರ, ರೊಕ್ಕ. ಹೋರಿಗೆ ಸಿನಿಮಾದ ಹೆಸರು, ಬೆನ್ನಮೇಲೆ ಬೆಲೂನುಗಳ ಗೋಪುರ, ಅದರ ನಡುವೆ ನೆಚ್ಚಿನ ನಟನ ಚಿತ್ರಪಟ. ಧ್ವನಿವರ್ಧಕದಲ್ಲಿ ಒಬ್ಬ ಎಡೆಬಿಡದೆ ವರ್ಣಿಸುತ್ತಿರುತ್ತಾನೆ. ನಮ್ಮ ಕಾಲೇಜುಗಳ ಹಿಂದಿನ ಬೆಂಚುಗಳು ಆ ತಿಂಗಳುಗಳಲ್ಲಿ ಬರಿದಾಗುತ್ತವೆ. ಹುಡುಗರು ಎಲ್ಲಿದ್ದಾರೆಂದು ಹಾಜರಿ ಪುಸ್ತಕವನ್ನು ಕೇಳಬೇಕಾದುದಿಲ್ಲ. ಭಿತ್ತಿಪತ್ರಗಳಲ್ಲಿ ‘ಹೋರಿ ಬೆದರಿಸುವ ಸ್ಪರ್ಧೆ’ ಎಂದು ಬರೆಯುತ್ತಾರೆ. ಪ್ರಶ್ನೆ ಕೇಳಿದವರಿಗೆ ಮಾತ್ರ ‘ಹಬ್ಬ’ ಎಂದು ಉತ್ತರ ಕೊಡುತ್ತಾರೆ. ರೊಕ್ಕ ಎತ್ತುವಾಗ ಸ್ಪರ್ಧೆ, ಹೊಣೆ ಹೊರುವಾಗ ಹಬ್ಬ! ಕನ್ನಡ ಕಲಿಸುವವನ ಕಣ್ಣಿಗೆ ಈ ಪದಪಲ್ಲಟ ಬೀಳದೆ ಹೋಗುವುದು ಹೇಗೆ?

ಇನ್ನು ನಿಷೇಧವಾದಿಗಳ ಮಾತು. ಹೋರಿಯನ್ನು ಸಾಕುವ ಮನೆಯೊಂದರ ಕೊಟ್ಟಿಗೆಯನ್ನು ಇವರು ಒಮ್ಮೆ ನೋಡಬೇಕು. ಹೋರಿಗೆ ಹುರುಳಿ ಬೇಯಿಸಿಡುತ್ತಾರೆ, ಹತ್ತಿಕಾಳು ರುಬ್ಬಿ ಹಾಕುತ್ತಾರೆ, ಹಿಂಡಿ ನೆನೆಸುತ್ತಾರೆ. ಮನೆಯ ಮಕ್ಕಳಿಗಿಲ್ಲದ ಹಾಲುಮೊಟ್ಟೆ ಅದಕ್ಕೆ ಸಲ್ಲುವುದುಂಟು. ಕೆರೆಗಿಳಿಸಿ ಈಜಿಸಿ ಉಸಿರು ಬೆಳೆಸುತ್ತಾರೆ, ನಡೆಸಿ ಓಡಿಸಿ ಕಾಲು ಗಟ್ಟಿಮಾಡುತ್ತಾರೆ. ಮೈತಿಕ್ಕುವಾಗ ಮಗನೊಡನೆ ಮಾತನಾಡುವಂತೆ ಮಾತನಾಡುತ್ತಾರೆ. ಅಂಥ ಹೋರಿ ಸತ್ತರೆ ಊರೇ ಸೇರಿ ಮಣ್ಣು ಮಾಡುತ್ತದೆ. ಇಂಥವರನ್ನು ಪ್ರಾಣಿಹಿಂಸಕರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅನ್ಯಾಯ. ಅದಲ್ಲದೆ, ಹಳ್ಳಿಯವರ ಆಟವನ್ನು ಕಾಯಿದೆಯಿಂದ ಮುಚ್ಚಿದರೆ ಅದು ನಿಲ್ಲುವುದಿಲ್ಲ. ಹೆದ್ದಾರಿಯಿಂದ ಒಳಗಿನ ಊರಿಗೆ, ವೈದ್ಯನಿಲ್ಲದ ಜಾಗಕ್ಕೆ ಸರಿಯುತ್ತದೆ. ಆಗ ಸಾಯುವವನ ಸುದ್ದಿ ನಾಲ್ಕು ಸಾಲಿನಲ್ಲಿಯೂ ಬರಲಾರದು.

ಇರಲಿ. ಪರಂಪರೆಯ ಹೆಸರೆತ್ತುವವರನ್ನೇ ಈಗ ಪರಂಪರೆಯ ಕಟ್ಟೆಯ ಮೇಲೆ ಕೂರಿಸೋಣ.

ಈ ಎರಡು ತಾಲ್ಲೂಕುಗಳು ಶಾಸನಗಳ ಗಣಿ. ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿಯೂ ಸೊರಬದವನ್ನು 8ನೆಯದರಲ್ಲಿಯೂ ಸೇರಿಸಿದರು. ಅವುಗಳ ಪುಟ ತಿರುವಿದವರಿಗೆ ಮತ್ತೆ ಮತ್ತೆ ಎದುರಾಗುವ ಮಾತು ‘ತುರುಗೊಳ್’. ಎಂದರೆ, ಶತ್ರುಗಳು ಊರ ದನಗಳನ್ನು ಹೊಡೆದುಕೊಂಡು ಹೋಗುವುದು. ತುರುವನ್ನು ಮರಳಿಸಹೋಗಿ ಸತ್ತವನಿಗೆ ಊರವರು ವೀರಗಲ್ಲು ನಿಲ್ಲಿಸಿದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಬದಿಗೆ ದನಗಳು. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುವುದು. ಮೇಲೆ ಅವನು ಶಿವಸಾನ್ನಿಧ್ಯದಲ್ಲಿರುವುದು. ದನಕ್ಕಾಗಿ ಪ್ರಾಣ ಕೊಡುವ ಸಾಹಸ ಈ ಮಣ್ಣಿನಲ್ಲಿ ಸಾವಿರ ವರ್ಷದ್ದು ಎಂಬ ಮಾತು ನಿಜ. ಸಮಿತಿಗಳವರು ವೇದಿಕೆಯ ಮೇಲೆ ಈ ಕಲ್ಲುಗಳನ್ನು ನೆನೆಯುವುದೂ ಸಹಜ.

ಆದರೆ ಅವರು ಕಲ್ಲಿನ ಚಿತ್ರವನ್ನು ನೋಡಿದ್ದಾರೆ, ಬರಹವನ್ನು ಓದಿಲ್ಲ. ಅನೇಕ ವೀರಗಲ್ಲುಗಳ ಬರಹ ವೀರನ ಹೊಗಳಿಕೆಗೆ ಮುಗಿಯುವುದಿಲ್ಲ. ಅವನ ಮನೆಯವರಿಗೆ ಇಷ್ಟು ಭೂಮಿ ಕೊಟ್ಟೆವೆಂಬ ಒಕ್ಕಣೆ ಮುಂದೆ ಬರುತ್ತದೆ. ಆ ದತ್ತಿಗೆ ನಮ್ಮ ಹಿರಿಯರು ಇಟ್ಟ ಹೆಸರು ‘ನೆತ್ತರುಗೊಡಗೆ’. ನೆತ್ತರು ಹರಿಸಿದ್ದಕ್ಕೆ ಕೊಟ್ಟ ಕೊಡುಗೆ! ಎಂಥ ಕಟುವಾದ, ಎಂಥ ನೇರವಾದ ಮಾತು. ನಿನ್ನ ಮಗ ನಮ್ಮೆಲ್ಲರ ಕಣ್ಣೆದುರು ಸತ್ತ, ಇನ್ನು ನಿನ್ನ ಒಲೆ ಉರಿಯಬೇಕಾದುದು ನಮ್ಮ ಹೊಣೆ ಎಂಬ ಒಪ್ಪಂದ ಅದು. ಅದನ್ನು ಕಾಗದದ ಮೇಲೆ ಬರೆಯದೆ ಕಲ್ಲಿನ ಮೇಲೆ ಕೊರೆದರು, ಮೊಮ್ಮಕ್ಕಳ ಕಾಲದಲ್ಲಿ ಯಾರೂ ಅಲ್ಲಗಳೆಯಬಾರದೆಂದು.

ಮನುಷ್ಯನಿಗೆ ಮಾತ್ರವಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗರ ಬೂತುಗನು ಏನು ಬೇಕೆಂದಾಗ ಅವನು ಬೇಡಿದ್ದು ‘ಕಾಳಿ’ ಎಂಬ ಬೇಟೆಯ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿತು; ಎರಡೂ ಸತ್ತುವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ತನ್ನ ಹೆಮ್ಮೆಗಾಗಿ ಪ್ರಾಣಿಯನ್ನು ಮುಂದೆ ಬಿಟ್ಟವನು ಅದರ ಸಾವಿನ ಲೆಕ್ಕವನ್ನೂ ಒಪ್ಪಿಸಿದ. ಪರಂಪರೆಯೆಂದರೆ ಇದು. ಇಂದಿನ ಅಖಾಡದ ಬಳಿ ಗೆದ್ದ ಹೋರಿಯ ಹೆಸರು ಆಳೆತ್ತರದ ಫ್ಲೆಕ್ಸಿನ ಮೇಲಿದೆ. ಸತ್ತ ಹುಡುಗನ ಹೆಸರು ಎಲ್ಲಿದೆ? ಪೋಲೀಸು ಠಾಣೆಯ ಕಡತದಲ್ಲಿ. ಅವನ ನೆತ್ತರುಗೊಡಗೆ ಎಲ್ಲಿದೆ? ಎಲ್ಲಿಯೂ ಇಲ್ಲ.

ಹಬ್ಬ ನಿಂತರೆ ನಾಡತಳಿಗಳು ಕಸಾಯಿಖಾನೆಗೆ ಹೋಗುತ್ತವೆಂಬ ವಾದವೊಂದುಂಟು. ಟ್ರಾಕ್ಟರು, ಟಿಲ್ಲರುಗಳು ಬಂದ ಮೇಲೆ ಗಂಡುಕರುವಿಗೆ ಕೆಲಸವಿಲ್ಲವಾಯಿತು. ಹಬ್ಬ ಅದಕ್ಕೊಂದು ಬೆಲೆ ತಂದಿತು. ಇಷ್ಟನ್ನು ಒಪ್ಪಬೇಕು. ಆದರೆ ತಳಿ ಉಳಿಯುವುದು ಅಖಾಡದಲ್ಲಲ್ಲ, ಹುಲ್ಲುಗಾವಲಿನಲ್ಲಿ. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಆಯಿತು. ಹೈದರನ ತೋಪುಗಳನ್ನು ಎಳೆದು ಹೆಸರಾದ ಆ ದನಗಳನ್ನು ಬೆಳೆಸಿದ್ದು ವಿಸ್ತಾರವಾದ ಕಾವಲುಗಳು. ಆ ಕಾವಲುಗಳು ಕರಗುತ್ತ ಬಂದಾಗ ತಳಿಯ ಈ ಅಭಿಮಾನಿಗಳು ಎಷ್ಟು ಸಭೆ ಮಾಡಿದರು? ನಮ್ಮ ಸೀಮೆಯ ಸ್ವಂತ ತಳಿ ಗುಜ್ಜುಮೈಯ ಮಲೆನಾಡು ಗಿಡ್ಡ. ಅಖಾಡದ ಮೆರವಣಿಗೆಯಲ್ಲಿ ಆ ಬಡಪಾಯಿಗೆ ಸ್ಥಾನವಿಲ್ಲ. ಲಕ್ಷಗಟ್ಟಲೆ ಕೊಟ್ಟು ಹೊರಗಿನಿಂದ ತಂದ ಒಂದು ಹೋರಿಗೆ ಬೆಲೂನು ಕಟ್ಟಿದರೆ ತಳಿರಕ್ಷಣೆಯಾಗುವುದಿಲ್ಲ.

ಕೆಲಸ ಕಳೆದುಕೊಂಡ ಪ್ರಾಣಿಯನ್ನು ಆಟದಿಂದ ಉಳಿಸಿಕೊಳ್ಳುವ ಯತ್ನ ನಮ್ಮದೊಂದೇ ಅಲ್ಲ. ಅಮೆರಿಕದ ಅಲಾಸ್ಕ ಪ್ರಾಂತ್ಯದಲ್ಲಿ ಹಿಮದ ಮೇಲೆ ಜಾರುಬಂಡಿ ಎಳೆಯುವ ನಾಯಿಗಳಿವೆ. 1925ರಲ್ಲಿ ನೋಮ್ ಎಂಬ ಊರಿಗೆ ಗಂಟಲಮಾರಿ ಹಬ್ಬಿದಾಗ ಸುಮಾರು 20 ಜನ ಸಾರಥಿಗಳೂ 150 ನಾಯಿಗಳೂ ಸರದಿಯ ಮೇಲೆ ಓಡಿ, ಸಾವಿರ ಕಿಲೋಮೀಟರಿಗೂ ಮೀರಿದ ದಾರಿಯನ್ನು ಆರು ದಿನಗಳೊಳಗೆ ಕ್ರಮಿಸಿ ಔಷಧಿ ಮುಟ್ಟಿಸಿದರು. 1960ರ ದಶಕದಲ್ಲಿ ಹಿಮದ ಮೇಲೆ ಓಡುವ ಮೋಟಾರು ಗಾಡಿ ಬಂದಿತು. ನಮ್ಮ ಹೋರಿಗೆ ಟ್ರಾಕ್ಟರು ಮಾಡಿದ್ದನ್ನೇ ಅದು ಆ ನಾಯಿಗಳಿಗೆ ಮಾಡಿತು. ಆಗ ಅಲ್ಲಿಯ ಅಭಿಮಾನಿಗಳು ‘ಇಡಿಟರಾಡ್’ ಎಂಬ ಪಂದ್ಯವನ್ನು ಕಟ್ಟಿದರು. 1973ರಿಂದ ಅದು ಆಂಕರೇಜಿನಿಂದ ನೋಮಿನವರೆಗೆ ನಡೆದುಬಂದಿದೆ.

ಅದರ ಕಟ್ಟಳೆಗಳನ್ನು ನೋಡಿ. ಓಟಕ್ಕೆ ಮುಂಚೆ ಪ್ರತಿಯೊಂದು ನಾಯಿಯ ರಕ್ತವನ್ನೂ ಹೃದಯವನ್ನೂ ಪರೀಕ್ಷಿಸಬೇಕು. ದಾರಿಯುದ್ದಕ್ಕೂ ತಂಗುದಾಣಗಳಲ್ಲಿ ಪಶುವೈದ್ಯರಿರುತ್ತಾರೆ. ಅವರ ಮಾತನ್ನು ಬರೆದಿಡುವ ಪುಸ್ತಕವನ್ನು ಸಾರಥಿ ಜೊತೆಯಲ್ಲಿ ಒಯ್ಯಬೇಕು. ಒಮ್ಮೆ 24 ಗಂಟೆ, ಇನ್ನೆರಡು ಬಾರಿ ಎಂಟೆಂಟು ಗಂಟೆ ಕಡ್ಡಾಯ ವಿರಾಮ. ದಣಿದ ನಾಯಿಯನ್ನು ತಂಗುದಾಣದಲ್ಲಿ ಬಿಟ್ಟು ಮುಂದೆ ಹೋಗಬೇಕು. ಇಷ್ಟಾದರೂ 2024ರ ಪಂದ್ಯದಲ್ಲಿ ನಾಯಿಗಳು ಸತ್ತುವು. ಪ್ರಾಣಿಪ್ರಿಯರ ಆಕ್ಷೇಪ ಇಂದಿಗೂ ನಿಂತಿಲ್ಲ. ಆ ಪಂದ್ಯ ನಿರ್ದೋಷವೆಂದು ನಾನು ಹೇಳುತ್ತಿಲ್ಲ. ಒಂದು ನಾಯಿಗೆ ಅವರು ಬರೆದಿಟ್ಟಷ್ಟು ಕಟ್ಟಳೆಯನ್ನು ನಾವು ಹೋರಿಯ ಮುಂದೆ ನಿಂತ ಹುಡುಗನಿಗಾಗಿ ಬರೆದಿಲ್ಲವಲ್ಲ ಎಂಬುದು ನನ್ನ ಸಂಕಟ.

ಅಷ್ಟು ದೂರ ಹೋಗುವುದೂ ಬೇಡ. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿಯ ಓಟಗಳನ್ನು ತಡೆಯಿತು. 2017ರಲ್ಲಿ ತಮಿಳುನಾಡು ಕಾಯಿದೆ ತಿದ್ದಿಕೊಂಡಿತು. ಅದರ ಬೆನ್ನಿಗೇ ನಿಯಮಗಳನ್ನೂ ಹೊರಡಿಸಿ ಜಿಲ್ಲಾಧಿಕಾರಿಯ ಅನುಮತಿ, ಎರಡು ಸಾಲು ಬೇಲಿ, ಪ್ರೇಕ್ಷಕರಿಗೆ ಬೇರೆಯ ಜಾಗ, ಗೂಳಿಗೂ ಆಟಗಾರನಿಗೂ ವೈದ್ಯಪರೀಕ್ಷೆ, ಎಲ್ಲವನ್ನೂ ಬರೆಯಿತು. ಅದೇ ವರ್ಷ ನಮ್ಮ ರಾಜ್ಯವೂ ತಿದ್ದುಪಡಿ ಮಾಡಿ ಕಂಬಳವನ್ನೂ ಎತ್ತಿನ ಓಟ, ಎತ್ತಿನ ಗಾಡಿಯ ಓಟಗಳನ್ನೂ ಹೆಸರಿಸಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ನಮ್ಮವರು ಪಟಾಕಿ ಹಾರಿಸಿದರು. ಆದರೆ ಹೋರಿ ಬೆದರಿಸುವುದೆಂಬ ಹೆಸರು ನಮ್ಮ ಕಾಯಿದೆಯಲ್ಲಿಲ್ಲ. ಅದು ಎತ್ತಿನ ಓಟದೊಳಗೆ ಸೇರುತ್ತದೆಯೋ ಇಲ್ಲವೋ ಎಂಬುದು ವಕೀಲರ ವಾದಕ್ಕೆ ಬಿಟ್ಟ ಮಾತು. ಹೆಸರಿಲ್ಲದ ಕಡೆ ಹೊಣೆಯೂ ಇಲ್ಲ. ಸಮಿತಿಗಳಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಮತ್ತಾವುದು?

ಆದುದರಿಂದ ಕೇಳಬೇಕಾದುದು ನಿಷೇಧವನ್ನಲ್ಲ, ಹೆಸರನ್ನು. ಹೋರಿಹಬ್ಬವನ್ನು ಕಾಯಿದೆ ಹೆಸರಿಟ್ಟು ಕರೆಯಲಿ. ನೋಡಬಂದ ಮುದುಕನೂ ಮಗುವೂ ಹೋರಿಯ ದಾರಿಯಲ್ಲಿ ನಿಲ್ಲದಂತೆ ಗಟ್ಟಿ ಬೇಲಿಯಿರಲಿ. ಸತ್ತವರಲ್ಲಿ ಕೊಬ್ಬರಿಗೆ ಕೈಚಾಚದ, ಬರಿಯ ನೋಡಬಂದವರೂ ಇದ್ದಾರೆ. ಕುಡಿದವನೂ, ಹದಿನೆಂಟು ತುಂಬದವನೂ ಅಖಾಡಕ್ಕೆ ಇಳಿಯಕೂಡದು. ವೈದ್ಯ, ಪಶುವೈದ್ಯ, ಆಂಬುಲೆನ್ಸು ಇಲ್ಲದೆ ಹೋರಿಯ ಹಗ್ಗ ಬಿಚ್ಚಕೂಡದು. ಒಂದು ಹೋರಿ ದಿನಕ್ಕೆ ಎಷ್ಟು ಬಾರಿ, ಋತುವಿಗೆ ಎಷ್ಟು ಊರಿನಲ್ಲಿ ಓಡಬೇಕೆಂಬುದಕ್ಕೆ ಮಿತಿಯಿರಲಿ. ಎಲ್ಲಕ್ಕಿಂತ ಮೊದಲು, ಬಹುಮಾನಕ್ಕೆ ಎತ್ತಿದಷ್ಟೇ ಹಣವನ್ನು ಸಮಿತಿ ಮುಂಚಿತವಾಗಿ ವಿಮೆಗೋ ನಿಧಿಗೋ ಕಟ್ಟಿ, ಅದರ ರಸೀತಿಯನ್ನು ತೋರಿಸಿ ಅನುಮತಿ ಪಡೆಯಲಿ. ಮೋಟಾರು ಸೈಕಲ್ಲಿಗೆ ಹಣ ಕೂಡುವ ಊರಿನಲ್ಲಿ ಇದಕ್ಕೆ ಕೂಡದೆಂದರೆ ನಂಬುವವರು ಯಾರು?

ಇಷ್ಟನ್ನು ಹೊರಲಾರೆವೆನ್ನುವ ಸಮಿತಿಗಳು ಭಿತ್ತಿಪತ್ರದಿಂದ ಪರಂಪರೆಯೆಂಬ ಮಾತನ್ನು ಅಳಿಸಿಬಿಡಲಿ. ಆ ಮಾತಿಗೆ ವಾರಸುದಾರರು ಬೇರೆ ಇದ್ದಾರೆ. ಸೊರಬ, ಶಿಕಾರಿಪುರಗಳ ಗದ್ದೆಯ ಬದುವಿನಲ್ಲಿ, ಗುಡಿಯ ಹಿತ್ತಲಿನಲ್ಲಿ, ಅರ್ಧ ಮಣ್ಣಿನಲ್ಲಿ ಹೂತುಹೋಗಿ ಅವರು ನಿಂತಿದ್ದಾರೆ. ಅವರ ಊರವರಿಗೆ ದನವೂ ಬೇಕಾಗಿತ್ತು, ಸಾಹಸವೂ ಬೇಕಾಗಿತ್ತು. ಅವೆರಡರ ಬೆಲೆಯನ್ನು ಇನ್ನೊಬ್ಬರ ಮನೆಯ ಮೇಲೆ ಹೊರಿಸಿ ಮಲಗುವ ಅಭ್ಯಾಸ ಮಾತ್ರ ಅವರಿಗಿರಲಿಲ್ಲ.